ಕಾಮರ್ಸ್ ಓದಿದ ಮಗಳಿಗೆ ಪ್ರೋಗ್ರಾಮಿಂಗ್ ಓದಬೇಕಂತೆ. ಬಿಸಿಎ ಕಾಲೇಜು ಏನು ನೋಡಿ ಆರಿಸೋದು?

ಕಿನ್ನಿಗೋಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯಿತು. ಅವಳದ್ದು ಕಾಮರ್ಸ್, ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್. ಹತ್ತನೇ ತರಗತಿವರೆಗೆ ಊರಿನ ಕನ್ನಡ ಶಾಲೆ. ಕಂಪ್ಯೂಟರ್ ಲ್ಯಾಬ್ ಅಂದ್ರೆ ಅವಳಿಗೆ ಪ್ರಾಣ. ಮುಂದೆ ಪ್ರೋಗ್ರಾಮಿಂಗನ್ನೇ ಓದುತ್ತೇನೆ ಅಂತ ಹಠ ಹಿಡಿದಿದ್ದಾಳೆ.

ಈಗ ಮೂರು ದಾರಿ ಇದೆ. ಮನೆಯಿಂದ ಬಸ್ಸಲ್ಲಿ ಹೋಗಿ ಬರುವಷ್ಟು ಹತ್ತಿರದ ಕಾಲೇಜಿನಲ್ಲಿ ಸಾದಾ ಬಿಸಿಎ (ಕಂಪ್ಯೂಟರ್ ಡಿಗ್ರಿ). ಮಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ‘ಎಐ ಮತ್ತು ಡೇಟಾ ಸೈನ್ಸ್’ ಅಂತ ಹೆಸರಿರುವ ಬಿಸಿಎ. ಅದರ ಫೀಸು ಸುಮಾರು ಮೂರು ಪಟ್ಟು, ಹಾಸ್ಟೆಲ್ ಖರ್ಚು ಬೇರೆ. ಇನ್ನೊಂದು ನನ್ನ ಅಣ್ಣ ಹೇಳುವುದು. ಬಿಕಾಂ ಮಾಡಿಸು, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಕಲಿಯಲಿ, ಸೊಸೈಟಿಯಲ್ಲಾದರೂ ಕೆಲಸ ಸಿಗುತ್ತದೆ ಅಂತ.

ನಾನು ಬೀಡಿ ಕಟ್ಟುತ್ತೇನೆ. ಯಜಮಾನರು ಗೂಡ್ಸ್ ಟೆಂಪೋ ಓಡಿಸುತ್ತಾರೆ. ಸಾಲ ಮಾಡಿ ಓದಿಸಲು ಹಿಂಜರಿಯುವುದಿಲ್ಲ. ಆದರೆ ಹಾಕಿದ ದುಡ್ಡು ಅವಳ ಕಲಿಕೆಗೇ ಹೋಗಬೇಕು. ನಮ್ಮ ಮನೆಯಲ್ಲಿ ಈ ವಿಷಯ ಗೊತ್ತಿದ್ದವರು ಯಾರೂ ಇಲ್ಲ. ತಿಳಿದವರು ಬಿಡಿಸಿ ಹೇಳಿ.

ಬ್ರಹ್ಮಾವರದ ಅಪ್ಪ

ಅಕ್ಕ, ಮೊದಲು ಒಂದು ವಿಷಯ. ನಿಮಗೆ ‘ಇಂಜಿನಿಯರಿಂಗಿಗೆ ಹಾಕಿ’ ಅಂತ ಹೇಳುವವರು ಸಿಗುತ್ತಾರೆ. ಕಾಮರ್ಸ್ ಮಾಡಿದವರಿಗೆ ಬಿಇ ಬಾಗಿಲು ತೆರೆದಿಲ್ಲ. ಸಿಇಟಿ ರ್‍ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕೇ ಬೇಕು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹೆಸರಿನ ವಿಷಯದಲ್ಲಿ ನನ್ನ ಮಗನ ಕಥೆ ಕೇಳಿ. ಅವನು ವಿಟಿಯು (ಬೆಳಗಾವಿಯ ತಾಂತ್ರಿಕ ವಿವಿ)ಗೆ ಸೇರಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಓದುತ್ತಿದ್ದಾನೆ. ಸೀಟು ಆರಿಸುವಾಗ ಮನೆಯಲ್ಲಿ ಯುದ್ಧವೇ ನಡೆದಿತ್ತು. ಕಂಪ್ಯೂಟರ್ ಸೈನ್ಸ್ ಒಳ್ಳೆಯದಾ, ಇನ್ಫರ್ಮೇಷನ್ ಸೈನ್ಸ್ ಆಗಬಹುದಾ, ಎಐ-ಮಷೀನ್ ಲರ್ನಿಂಗ್ ತಗೊಂಡರೆ ಕೆಲಸ ಬೇಗ ಸಿಗುತ್ತದಾ ಅಂತ. ಎರಡನೇ ವರ್ಷದ ಸಿಲೆಬಸ್ ತೆಗೆದು ನೋಡಿದಾಗ ಗೊತ್ತಾಯಿತು. 2022ರ ಸ್ಕೀಮಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಪೇಪರಿನ ಕೋಡ್ ಬಿಸಿಎಸ್ 304. ಮೂರೂ ಬ್ರಾಂಚಿಗೆ ಅದೇ ಕೋಡ್, ಅದೇ ಪಾಠ. ಆಪರೇಟಿಂಗ್ ಸಿಸ್ಟಮ್ಸ್ ಕೂಡ ಹಾಗೆಯೇ. ಬೇರೆ ಆಗುವುದು ಆಮೇಲೆ, ಅದೂ ಕೆಲವು ಪೇಪರುಗಳಲ್ಲಿ ಮಾತ್ರ. ಬಿಸಿಎ ಮುಂದೆ ಸೇರಿಸಿದ ಹೆಸರನ್ನೂ ನೀವು ಹೀಗೇ ಸಿಲೆಬಸ್ ಇಟ್ಟುಕೊಂಡು ನೋಡಿ.

ಸೈನ್ಸ್ ಓದಿದ ಮಕ್ಕಳ ತಂದೆತಾಯಿ ಇಲ್ಲಿದ್ದರೆ ಅವರಿಗೂ ಒಂದು ಮಾತು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ಶಾಲೆಯಿಂದ ಸರ್ಟಿಫಿಕೇಟ್ ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಕೊನೆ ಗಳಿಗೆಯಲ್ಲಿ ಬಿಇಓ ಆಫೀಸಿಗೆ ಓಡುವ ಪಾಡು ಬೇಡ.

ಲ್ಯಾಬ್ ಮೇಡಂ

ನಾನು ಈ ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಕಾಲೇಜಿನ ಹೆಸರು ಹೇಳುವುದಿಲ್ಲ, ಹೇಳಿದರೆ ಪ್ರಚಾರ ಅಂತಾಗುತ್ತದೆ.

ಅಮ್ಮ, ನಿಮ್ಮ ಮಗಳಿಗೆ ಬಿಸಿಎ ಸರಿಯಾದ ದಾರಿ. ಕಾಮರ್ಸ್‌ನಿಂದ ಬರುವ ಮಕ್ಕಳು ನಮ್ಮ ಕ್ಲಾಸಿನಲ್ಲಿ ಬೇಕಾದಷ್ಟು ಇದ್ದಾರೆ. ಎಷ್ಟು ವರ್ಷ ಅನ್ನುವ ಗೊಂದಲ ಬೇಡ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗ ನಾಲ್ಕು ವರ್ಷದ ಆನರ್ಸ್ ಅಂತ ಶುರುವಾಗಿತ್ತು. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಯೇ ಬಂದಿದೆ. ಅದೇ ವರ್ಷದಿಂದ ಬಿಸಿಎಗೂ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಅನುಮತಿ ಬೇಕು. ನೀವು ನೋಡುವ ಕಾಲೇಜಿಗೆ ಅದು ಇದೆಯಾ ಅಂತ ಆಫೀಸಿನಲ್ಲಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು, ಸಿಲೆಬಸ್ ಯಾರದ್ದು ಅಂತ ನೋಡಿ. ನಮ್ಮ ಎರಡು ಜಿಲ್ಲೆಯ ಬಹಳಷ್ಟು ಡಿಗ್ರಿ ಕಾಲೇಜುಗಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಅಲ್ಲಿ ಪಾಠ, ಪರೀಕ್ಷೆ ಎಲ್ಲ ವಿವಿಯದ್ದು. ಮಣಿಪಾಲದ ಮಾಹೆ 1993ರಿಂದ ಡೀಮ್ಡ್ ವಿವಿ, ಅಂದರೆ ವಿವಿಯ ಸ್ಥಾನ ಸಿಕ್ಕಿದ ಸಂಸ್ಥೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಹಾಗಾಯಿತು. ಅಂಥ ಕಡೆ ಸಿಲೆಬಸ್ಸನ್ನು ಅವರೇ ಮಾಡುತ್ತಾರೆ, ಬೇಗ ಬದಲಾಯಿಸುವ ಸ್ವಾತಂತ್ರ್ಯ ಇರುತ್ತದೆ. ಫೀಸನ್ನೂ ಅವರೇ ತೀರ್ಮಾನಿಸುತ್ತಾರೆ.

ಆದರೆ ನನಗೆ ಮುಖ್ಯವಾಗಿ ಹೇಳಬೇಕಾದ್ದು ಲ್ಯಾಬಿನ ವಿಷಯ. ಮೂರು ವರ್ಷದಲ್ಲಿ ನಿಮ್ಮ ಮಗಳು ಪ್ರೋಗ್ರಾಮರ್ ಆಗುತ್ತಾಳಾ ಇಲ್ಲವಾ ಅನ್ನುವುದು ತೀರ್ಮಾನ ಆಗುವುದು ಅಲ್ಲೇ. ಎಷ್ಟೋ ಕಡೆ ಹೇಗೆ ನಡೆಯುತ್ತದೆ ಅಂದರೆ, ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ತಂದು ಪ್ರೋಗ್ರಾಂ ಬರೆದುಕೊಳ್ಳುತ್ತಾರೆ. ಔಟ್‌ಪುಟ್ಟಿನ ಪ್ರಿಂಟ್ ತೆಗೆದು ಎಡಪುಟಕ್ಕೆ ಅಂಟಿಸುತ್ತಾರೆ. ಸಹಿ ಬೀಳುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಚೀಟಿಯಲ್ಲಿ ಯಾವ ಪ್ರೋಗ್ರಾಂ ಬರುತ್ತದೋ ಅದನ್ನು ಬಾಯಿಪಾಠದಿಂದ ಟೈಪ್ ಮಾಡುತ್ತಾರೆ. ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಂ ಬಂತು ಅನ್ನಿ. ಹೊರಗಿನ ಪರೀಕ್ಷಕರು ‘ಇದನ್ನೇ ಇಳಿಕೆ ಕ್ರಮದಲ್ಲಿ ಜೋಡಿಸಿ ತೋರಿಸಿ’ ಅಂದರೆ ಕೈ ನಿಲ್ಲುತ್ತದೆ. ಬದಲಾಯಿಸಬೇಕಾದ್ದು ಒಂದೇ ಒಂದು ಚಿಹ್ನೆ! ಅದು ಯಾವುದು ಅಂತ ಗೊತ್ತಿರುವುದಿಲ್ಲ.

ನಿಜವಾದ ಕಲಿಕೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಐದು ವಿಷಯದ ಅಂಕಗಳನ್ನು ಅರೇಯಲ್ಲಿ (ಸಾಲಾಗಿ ನಂಬರು ಹಾಕಿದ ಜಾಗಗಳಲ್ಲಿ) ಇಟ್ಟು ಕೂಡಿಸುವ ಪ್ರೋಗ್ರಾಂ. ಅರೇಯಲ್ಲಿ ಎಣಿಕೆ ಸೊನ್ನೆಯಿಂದ ಶುರು. ಐದು ಜಾಗದ ನಂಬರು 0, 1, 2, 3, 4. ಲೂಪಿನಲ್ಲಿ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗದಲ್ಲಿ) ಜಾಗದ ನಂಬರನ್ನು ಐ ಅಂತ ಕರೆದು ‘ಐ ಎಂಬುದು 5ಕ್ಕಿಂತ ಕಡಿಮೆ ಇರುವವರೆಗೆ’ ಅಂತ ಬರೆಯಬೇಕು. ‘5ಕ್ಕಿಂತ ಕಡಿಮೆ ಅಥವಾ ಸಮ’ ಅಂತ ಬರೆದರೆ ಇಲ್ಲದ ಆರನೇ ಜಾಗಕ್ಕೆ ಹೋಗುತ್ತದೆ. ಪೈಥಾನ್ ಭಾಷೆ ಆದರೆ ಅಲ್ಲೇ ಇಂಡೆಕ್ಸ್ ಎರರ್ ಅಂತ ನಿಲ್ಲಿಸಿಬಿಡುತ್ತದೆ. ಸಿ ಭಾಷೆ ನಿಲ್ಲಿಸುತ್ತದೆ ಅನ್ನುವ ಖಾತರಿ ಇಲ್ಲ. ಆ ಜಾಗದಲ್ಲಿ ಏನು ಬಿದ್ದಿದೆಯೋ ಅದನ್ನೂ ಕೂಡಿಸಿಬಿಡಬಹುದು. ಅಲ್ಲಿ ಸೊನ್ನೆ ಇದ್ದರೆ ಉತ್ತರ ಸರಿಯಾಗಿಯೇ ಕಾಣುತ್ತದೆ. ಬೇರೆ ಏನಾದರೂ ಇದ್ದರೆ ಒಟ್ಟು ಅಂಕ ಲಕ್ಷಕ್ಕೆ ಹೋಗಬಹುದು. ನಿನ್ನೆ ಸರಿ ಇತ್ತು, ಇವತ್ತು ಯಾಕೆ ತಪ್ಪು ಅಂತ ಹುಡುಗಿ ಗಾಬರಿಯಾಗುತ್ತಾಳೆ. ಆಗ ಉತ್ತರ ಹೇಳಿಕೊಡದೆ ‘ಪ್ರತಿ ಸುತ್ತಿಗೂ ಐ ಎಷ್ಟಾಯಿತು ಅಂತ ಪ್ರಿಂಟ್ ಮಾಡಿ ನೋಡು’ ಅಂತ ಮಾತ್ರ ಹೇಳಬೇಕು. ಪರದೆಯ ಮೇಲೆ 0, 1, 2, 3, 4 ಆದ ಮೇಲೆ 5 ಬಂದಾಗ ಅವಳ ಮುಖ ನೋಡಬೇಕು. ಹಾಗೆ ತಾನೇ ಹಿಡಿದ ತಪ್ಪನ್ನು ಆ ಹುಡುಗಿ ಮರೆಯುವುದಿಲ್ಲ.

ಇದಕ್ಕೆ ಸಮಯ ಬೇಕು, ಪಕ್ಕದಲ್ಲಿ ನಿಲ್ಲುವ ಮೇಷ್ಟ್ರು ಬೇಕು, ಕಂಪ್ಯೂಟರ್ ಬೇಕು. ಹಾಗಾಗಿ ಕಾಲೇಜಿಗೆ ಹೋದಾಗ ಎಸಿ ಆಡಿಟೋರಿಯಂ ನೋಡಿ ಬರಬೇಡಿ. ಲ್ಯಾಬ್ ತೋರಿಸಿ ಅನ್ನಿ. ಒಬ್ಬರಿಗೆ ಒಂದು ಕಂಪ್ಯೂಟರ್ ಸಿಗುತ್ತದಾ, ಕ್ಲಾಸು ಮುಗಿದ ಮೇಲೆ ಕೂತು ಅಭ್ಯಾಸ ಮಾಡಲು ಬಿಡುತ್ತಾರಾ ಅಂತ ಕೇಳಿ. ಆಫೀಸಿನವರನ್ನಲ್ಲ, ಅಲ್ಲಿ ಓದುವ ಎರಡನೇ ವರ್ಷದ ಮಕ್ಕಳನ್ನು ಕೇಳಿ. ಎಐ ಅಂತ ಹೆಸರಿರುವ ಕೋರ್ಸಾದರೆ ಆ ಪೇಪರುಗಳನ್ನು ಯಾರು ಪಾಠ ಮಾಡುತ್ತಾರೆ ಅಂತಲೂ ಕೇಳಿ. ಕಾಲೇಜಿನ ಖಾಯಂ ಮೇಷ್ಟ್ರಾ, ಅಥವಾ ಹೊರಗಿನ ಕಂಪೆನಿಯಿಂದ ವಾರಕ್ಕೊಮ್ಮೆ ಬಂದು ಹೋಗುವವರಾ? ಆ ಉತ್ತರದಲ್ಲಿ ಬಹಳಷ್ಟು ತಿಳಿಯುತ್ತದೆ.

ಕೊಕ್ಕಡದ ಹುಡುಗ

ನಾನು ಬಿಸಿಎ ಮೂರನೇ ವರ್ಷ. ಮೇಡಂ ಹೇಳಿದ್ದು ಅಕ್ಷರಶಃ ನಿಜ. ನಮ್ಮಲ್ಲಿ ಲ್ಯಾಬ್ ಸಂಜೆ ತೆರೆದಿರುತ್ತದೆ. ಆದರೆ ಕೊನೆಯ ಬಸ್ ತಪ್ಪಿದರೆ ಮನೆಗೆ ಹೋಗುವುದು ಕಷ್ಟ. ಹಾಗಾಗಿ ದೂರವೂ ಒಂದು ಲೆಕ್ಕವೇ. ಹತ್ತಿರದ ಕಾಲೇಜಿನಲ್ಲಿ ಸಂಜೆ ಒಂದು ಗಂಟೆ ಜಾಸ್ತಿ ಕೂರಬಹುದಾದರೆ ಅದೇ ದೊಡ್ಡ ಲಾಭ.

ಆಂಟಿ, ಕನ್ನಡ ಮಾಧ್ಯಮದ ವಿಷಯಕ್ಕೆ ಹೆದರಬೇಡಿ. ನಾನೂ ಕನ್ನಡ ಶಾಲೆಯವನೇ. ಮೊದಲ ಸೆಮಿಸ್ಟರ್ ಸ್ವಲ್ಪ ಒದ್ದಾಟ ಇರುತ್ತದೆ. ಎರರ್ ಬಂದಾಗ ಪರದೆಯ ಮೇಲಿನ ಇಂಗ್ಲಿಷ್ ಸಾಲು ನೋಡಿ ಭಯವಾಗುತ್ತಿತ್ತು. ಆ ಸಾಲನ್ನು ಓದದೆಯೇ ಫ್ರೆಂಡನ್ನು ಕರೆಯುತ್ತಿದ್ದೆವು. ನಮ್ಮ ಸರ್ ಒಂದು ಅಭ್ಯಾಸ ಮಾಡಿಸಿದರು. ಬಂದ ಎರರನ್ನು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದು, ಪಕ್ಕದಲ್ಲಿ ಅದು ಯಾಕೆ ಬಂತು ಅಂತ ಕನ್ನಡದಲ್ಲಿ ಬರೆಯುವುದು. ಸ್ವಲ್ಪ ದಿನದಲ್ಲೇ ಬರುವುದೆಲ್ಲ ಹಳೆ ಎರರ್‌ಗಳೇ ಅಂತ ಗೊತ್ತಾಯಿತು.

ಐಐಟಿ ಬಾಂಬೆಯವರ ‘ಸ್ಪೋಕನ್ ಟ್ಯುಟೋರಿಯಲ್’ ಅಂತ ಇದೆ. ಸಣ್ಣ ಸಣ್ಣ ವಿಡಿಯೋ, ಕನ್ನಡ ಧ್ವನಿಯಲ್ಲೂ ಸಿಗುತ್ತವೆ, ದುಡ್ಡು ಕೊಡಬೇಕಾಗಿಲ್ಲ. ರಜೆಯಲ್ಲೇ ಶುರು ಮಾಡಲಿ. ಕನ್ನಡ ಟೈಪ್ ಮಾಡುವ ನುಡಿ ಕೀಲಿಮಣೆಗೆ ಆಧಾರವಾದ ವಿನ್ಯಾಸ ಮಾಡಿದ ಕೆ.ಪಿ. ರಾವ್ ನಮ್ಮ ಕರಾವಳಿಯವರೇ. ಕನ್ನಡ ಮತ್ತು ಕಂಪ್ಯೂಟರ್ ಒಟ್ಟಿಗೆ ಹೋಗುವುದಿಲ್ಲ ಅನ್ನುವವರಿಗೆ ನಾನು ಅವರ ಹೆಸರನ್ನೇ ಹೇಳುವುದು.

ಮಲ್ಪೆಯಿಂದ

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ಆದರೆ ನನ್ನ ಮನಸ್ಸಿನ ಆತಂಕ ಹೇಳಲೇಬೇಕು. ಚಾಟ್‌ಜಿಪಿಟಿ ಬಂದದ್ದು 2022ರ ಕೊನೆಗೆ. ಈಗ ಕೇಳಿದ ಕೂಡಲೇ ಪ್ರೋಗ್ರಾಂ ಬರೆದುಕೊಡುತ್ತದೆ. ಹೀಗಿರುವಾಗ ಬಡವರ ಮನೆಯ ಮಗು ಮೂರು ವರ್ಷ ಅದನ್ನೇ ಕಲಿತು ಹೊರಗೆ ಬಂದರೆ ಕೆಲಸ ಇರುತ್ತದಾ? ಬೀಡಿ ಕಟ್ಟಿದ ದುಡ್ಡು ಅದು. ಆ ಅಣ್ಣ ಹೇಳಿದ ಬಿಕಾಂ ಮಾತನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ.

ಮುಡಿಪು ಬಸ್ಸಿನವ

ಮಲ್ಪೆಯವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಬಿಸಿಎ ಮುಗಿಸಿ ಆಮೇಲೆ ಎಂಸಿಎ ಮಾಡಿದವನು. ಹೊಸಬರ ಇಂಟರ್‌ವ್ಯೂನಲ್ಲಿ ಕೂರುತ್ತೇನೆ.

ಮೊದಲ ಕೆಲಸ ಹುಡುಕುವವರಿಗೆ ಈಗ ಕಷ್ಟ ಜಾಸ್ತಿಯಾಗಿದೆ, ಅದು ಸತ್ಯ. ಬರೀ ಟೈಪ್ ಮಾಡಲು ಬರುವವರಿಗೆ ಜಾಗ ಕಡಿಮೆ. ಆದರೆ ಯಂತ್ರ ಬರೆದುಕೊಟ್ಟದ್ದನ್ನು ಓದಿ, ಇದು ಸರಿ, ಇದು ತಪ್ಪು ಅಂತ ಹೇಳುವವರು ಬೇಕೇ ಬೇಕು. ಒಬ್ಬ ಹುಡುಗ ಹಾಲಿನ ಸೊಸೈಟಿಯ ಲೆಕ್ಕದ ಪ್ರೋಗ್ರಾಂ ತೋರಿಸಿದ. ಎಐಯಿಂದ ಬರೆಸಿದ್ದು, ಚೆನ್ನಾಗಿಯೇ ಓಡುತ್ತಿತ್ತು. ದುಡ್ಡನ್ನು ದಶಮಾಂಶದಲ್ಲಿ, ಫ್ಲೋಟ್ ಆಗಿ ಇಟ್ಟಿದ್ದ. ಪೈಥಾನ್ ತೆರೆದು 0.1 ಮತ್ತು 0.2 ಕೂಡಿಸು ಅಂದೆ. ಉತ್ತರ 0.30000000000000004 ಅಂತ ಬಂತು. ಕಂಪ್ಯೂಟರ್ ಒಳಗೆ ಸಂಖ್ಯೆ ಇರುವುದು ಎರಡರ ಲೆಕ್ಕದಲ್ಲಿ, ಬರೀ 0 ಮತ್ತು 1ರಲ್ಲಿ. ಹತ್ತನೇ ಒಂದನ್ನು ಅದರಲ್ಲಿ ಪೂರ್ತಿ ಸರಿಯಾಗಿ ಬರೆಯಲು ಆಗುವುದಿಲ್ಲ. ಹಾಗಾಗಿ ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡುವುದು ಒಳ್ಳೆಯದು. ಹುಡುಗನಿಗೆ ಇದು ಗೊತ್ತಿರಲಿಲ್ಲ. ಆದರೆ ಕೇಳಿದ ಕೂಡಲೇ ಕಾರಣ ಹುಡುಕಲು ಶುರು ಮಾಡಿದ. ನಮಗೆ ಬೇಕಾದದ್ದು ಅದೇ ಗುಣ.

ಅದೇ ಪ್ರಾಜೆಕ್ಟಿನ ಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಒಬ್ಬ ಸದಸ್ಯರು ಬೆಳಿಗ್ಗೆಯೂ ಹಾಲು ಹಾಕುತ್ತಾರೆ, ಸಂಜೆಯೂ ಹಾಕುತ್ತಾರೆ. ನಿನ್ನ ಟೇಬಲಿನಲ್ಲಿ ಸದಸ್ಯರ ನಂಬರು ಮತ್ತು ತಾರೀಖು ಸೇರಿ ಪ್ರೈಮರಿ ಕೀ, ಅಂದರೆ ಅದೇ ಜೋಡಿ ಎರಡು ಸಲ ಬರುವಂತಿಲ್ಲ. ಹಾಗಾದರೆ ಸಂಜೆಯ ಹಾಲು ಎಲ್ಲಿ ಹೋಗುತ್ತದೆ? ಸ್ವಲ್ಪ ಯೋಚಿಸಿ, ಎರಡನೇ ಎಂಟ್ರಿಯನ್ನು ಡೇಟಾಬೇಸ್ ತೆಗೆದುಕೊಳ್ಳುವುದೇ ಇಲ್ಲ, ಹೊತ್ತು ಯಾವುದು ಅಂತ ಇನ್ನೊಂದು ಕಾಲಂ ಕೀಯಲ್ಲಿ ಸೇರಿಸಬೇಕು ಅಂದ. ಮನೆಯಲ್ಲಿ ದನ ಇದೆ, ದಿನಾ ಕ್ಯಾನ್ ಹಿಡಿದು ಡೈರಿಗೆ ಹೋಗುವವನು. ಅದಕ್ಕೇ ತಟ್ಟನೆ ಹೊಳೆಯಿತು. ನೆಟ್‌ನಿಂದ ಇಳಿಸಿಕೊಂಡ ‘ಲೈಬ್ರರಿ ಮ್ಯಾನೇಜ್‌ಮೆಂಟ್’ ಪ್ರಾಜೆಕ್ಟ್ ತಂದವರ ಹತ್ತಿರ ಇಂಥ ಮಾತು ಆಡಲು ಆಗುವುದೇ ಇಲ್ಲ. ಕಿನ್ನಿಗೋಳಿ ಅಕ್ಕ, ನಿಮ್ಮ ಮಗಳಿಗೆ ಬೀಡಿ ಬ್ರಾಂಚಿನ ಲೆಕ್ಕ ಗೊತ್ತಲ್ವಾ? ಎಲೆ ಎಷ್ಟು ಕೊಟ್ಟರು, ಹೊಗೆಸೊಪ್ಪು ಎಷ್ಟು, ಕಟ್ಟಿದ್ದು ಎಷ್ಟು, ತಿರಸ್ಕಾರ ಆದದ್ದು ಎಷ್ಟು. ಅವಳ ಮೊದಲ ಪ್ರಾಜೆಕ್ಟ್ ಅದೇ ಆಗಲಿ.

ಕೆಲಸ ಎಲ್ಲಿ ಅಂತ ಕೇಳುವವರಿಗೆ. ಮಂಗಳೂರಿನಲ್ಲಿ ಇನ್ಫೋಸಿಸ್, ಕಾಗ್ನಿಜೆಂಟ್ ಇವೆ. ಉಡುಪಿಯಲ್ಲಿ ರೋಬೋಸಾಫ್ಟ್ 1996ರಲ್ಲೇ ಶುರುವಾಯಿತು. ಸಣ್ಣ ಕಂಪೆನಿಗಳೂ ಇವೆ. ಆದರೂ ಇಲ್ಲಿ ಓದಿದ ಎಷ್ಟೋ ಮಂದಿ ಮೊದಲ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾರೆ. ಅದಕ್ಕೆ ಮನೆಯವರು ತಯಾರಿರಬೇಕು. ಬಿಸಿಎ ಮಕ್ಕಳಿಗೆ ದೊಡ್ಡ ಕಂಪೆನಿಗಳಲ್ಲಿ ಬೇರೆ ದಾರಿಯೇ ಇದೆ. ವಿಪ್ರೋದ ವಿಲ್ಪ್ ಯೋಜನೆಯಲ್ಲಿ ಕೆಲಸ ಮಾಡುತ್ತಲೇ ಎಂಟೆಕ್ ಓದಿಸುತ್ತಾರೆ. ಶುರುವಿನ ಸಂಬಳ ಸಾಮಾನ್ಯವಾಗಿ ಬಿಇ ಮಾಡಿದವರಿಗಿಂತ ಕಡಿಮೆ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಕೆಪಿಟಿ ಹಳೆ ವಿದ್ಯಾರ್ಥಿ

ಇಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಹೆತ್ತವರೂ ಓದುತ್ತಿರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ. ಹತ್ತನೇ ಮುಗಿಸಿ ಪಾಲಿಟೆಕ್ನಿಕ್ ಸೇರಿದರೆ ಮೂರು ವರ್ಷದಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ. ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಹೋಗಬಹುದು. ಮಂಗಳೂರು ಕದ್ರಿಯ ನಮ್ಮ ಕೆಪಿಟಿ (ಸರ್ಕಾರಿ ಪಾಲಿಟೆಕ್ನಿಕ್) 1946ರಿಂದ ಇದೆ, ಸರ್ಕಾರಿ ಫೀಸು. ಕೆಲಸಕ್ಕೂ ಹೋಗಬಹುದು, ಓದಲೂಬಹುದು. ಯಾಕೋ ನಮ್ಮ ಕಡೆ ಪಿಯುಸಿ ಬಿಟ್ಟರೆ ಬೇರೆ ಇಲ್ಲ ಅಂದುಕೊಳ್ಳುತ್ತಾರೆ.

ಲ್ಯಾಬ್ ಮೇಡಂ

ಬಿಸಿಎ ಆದ ಮೇಲಿನ ದಾರಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಎಂಸಿಎ ಈಗ ಎರಡೇ ವರ್ಷ, ರಾಜ್ಯದ ಸೀಟಿಗೆ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಎನ್‌ಐಟಿ ಅನ್ನುವ ಕೇಂದ್ರ ಸಂಸ್ಥೆಗಳ ಎಂಸಿಎಗೆ ನಿಮ್ಸೆಟ್ ಅಂತ ಬೇರೆ ಪರೀಕ್ಷೆ. ಅದರ 120 ಪ್ರಶ್ನೆಯಲ್ಲಿ 50 ಗಣಿತದ್ದು. ಕೆಲವು ಕಂಪೆನಿಗಳೂ ಡಿಗ್ರಿಯಲ್ಲಿ ಗಣಿತ ಓದಿದ್ದೀರಾ ಅಂತ ನೋಡುತ್ತವೆ. ಹಾಗಾಗಿ ಎಲ್ಲಿ ಸೇರಿದರೂ ಗಣಿತದ ಪೇಪರ್ ಸಿಕ್ಕರೆ ಬಿಡಬಾರದು. ಕಾಮರ್ಸ್ ಮಕ್ಕಳು ಹೆಚ್ಚಾಗಿ ಹೆದರಿ ಬಿಡುವುದು ಅದನ್ನೇ, ನನಗೆ ನೋಡಿ ಸಂಕಟವಾಗುತ್ತದೆ.

ಎಐ, ಡೇಟಾ ಸೈನ್ಸ್ ಕಲಿಯಬೇಕು ಅಂತ ಅವಳಿಗೆ ನಿಜವಾಗಿ ಆಸೆ ಇದ್ದರೆ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಕೋರ್ಸ್ 2021ರಿಂದ ಇದೆ. ಐಐಟಿ ಪ್ರವೇಶದ ಜೆಇಇ ಪರೀಕ್ಷೆ ಬೇಡ, ಕಾಮರ್ಸ್ ಮಾಡಿದವರೂ ಸೇರಬಹುದು. ನಾಲ್ಕು ವಾರದ ಪಾಠ ಆದ ಮೇಲೆ ಅರ್ಹತಾ ಪರೀಕ್ಷೆ. ಆದಾಯ ಕಡಿಮೆ ಇದ್ದವರಿಗೆ ಫೀಸಿನಲ್ಲಿ ರಿಯಾಯಿತಿ ಇದೆ. ಬಿಸಿಎ ಜೊತೆಗೇ ಮಾಡಲು 2022ರಿಂದ ವಿವಿಗಳನ್ನು ನೋಡಿಕೊಳ್ಳುವ ಯುಜಿಸಿಯ ಒಪ್ಪಿಗೆಯೂ ಇದೆ. ಆದರೆ ಮೊದಲ ವರ್ಷವೇ ಎರಡನ್ನೂ ಹೊರಿಸಬೇಡಿ. ಇಲ್ಲಿ ಕಾಲೂರಲಿ, ಆಮೇಲೆ ನೋಡೋಣ.

ಮತ್ತೆ ಅಮ್ಮ, ನಿಮ್ಮ ಹತ್ತಿರ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯಾ? ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ಅರ್ಜಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ. ರಾಜ್ಯದ್ದು ಎಸ್‌ಎಸ್‌ಪಿ ಅನ್ನುವ ರಾಜ್ಯದ ಪೋರ್ಟಲಿನಲ್ಲಿ ಬೇರೆ. ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಆಧಾರ್, ಬ್ಯಾಂಕ್ ಖಾತೆ, ಮಾರ್ಕ್ಸ್‌ಕಾರ್ಡಿನಲ್ಲಿ ಮಗಳ ಹೆಸರಿನ ಅಕ್ಷರ ಒಂದೇ ಥರ ಇರಲಿ. ಅಪ್ಪನ ಹೆಸರಿನ ಇನಿಷಿಯಲ್ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ ಇದ್ದು ಹಣ ಬರದೇ ನಿಂತ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಕಿನ್ನಿಗೋಳಿ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ನೀವು ಹೇಳಿದ ಹಾಗೇ ಎರಡೂ ಕಾಲೇಜಿಗೆ ಹೋಗಿ ಬಂದೆವು.

ಮಂಗಳೂರಿನ ಕಡೆ ಲ್ಯಾಬ್ ಚೆನ್ನಾಗಿದೆ, ಹೊಸ ಕಂಪ್ಯೂಟರ್‌ಗಳು. ಆದರೆ ಎಐ ಪೇಪರ್ ಯಾರು ಪಾಠ ಮಾಡುತ್ತಾರೆ ಅಂತ ಕೇಳಿದ್ದಕ್ಕೆ ‘ನಮ್ಮ ಪಾರ್ಟ್ನರ್ ಕಂಪೆನಿಯವರು ಬರುತ್ತಾರೆ’ ಅಂದರು. ವಾರಕ್ಕೆ ಎಷ್ಟು ದಿನ ಅಂತ ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ಸಿಲೆಬಸ್ ಪ್ರತಿ ಕೊಡಿ ಅಂದೆವು, ಅಡ್ಮಿಷನ್ ಆದ ಮೇಲೆ ಕೊಡುತ್ತೇವೆ ಅಂದರು.

ಹತ್ತಿರದ ಕಾಲೇಜಿನಲ್ಲಿ ಕಂಪ್ಯೂಟರ್ ಹಳತು, ಆದರೆ ಒಬ್ಬರಿಗೆ ಒಂದು ಇದೆ. ಸಂಜೆ ಐದರವರೆಗೆ ಕೂರಬಹುದು. ಒಬ್ಬರು ಮೇಷ್ಟ್ರು ಮಗಳಿಗೆ ಅಲ್ಲೇ ಒಂದು ಸಣ್ಣ ಪ್ರೋಗ್ರಾಂ ಕೊಟ್ಟು, ಇದರಲ್ಲಿ ತಪ್ಪು ಎಲ್ಲಿದೆ ಹೇಳು ನೋಡುವ ಅಂದರು. ಅವಳು ಸ್ವಲ್ಪ ಹೊತ್ತು ನೋಡಿ ಹೇಳಿದಳು. ಬಸ್ಸಲ್ಲಿ ಬರುವಾಗ ಇಡೀ ದಾರಿ ಅದೇ ಮಾತು. ಅಣ್ಣನಿಗೂ ಹೇಳಿ ಒಪ್ಪಿಸಿದ್ದೇವೆ. ಅಲ್ಲಿಗೇ ಅರ್ಜಿ ಹಾಕಿದೆವು. ಬೀಡಿ ಕಾರ್ಡ್ ಇದೆ, ಸ್ಕಾಲರ್‌ಶಿಪ್ ವಿಷಯ ನಮಗೆ ಗೊತ್ತೇ ಇರಲಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಲ್ಯಾಪ್‌ಟಾಪ್ ಈಗಲೇ ಬೇಕಾ? ಹೊಸದು ತೆಗೆಯುವಷ್ಟು ಈಗ ಇಲ್ಲ.

ಮುಡಿಪು ಬಸ್ಸಿನವ

ಹೊಸದು ಬೇಡ ಅಕ್ಕ. ಕಂಪೆನಿಗಳು ಬಳಸಿ ಬಿಟ್ಟ ಹಳೆ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುವವರು ಮಂಗಳೂರಿನಲ್ಲೂ ಉಡುಪಿಯಲ್ಲೂ ಇದ್ದಾರೆ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದರೆ ಸಿ, ಪೈಥಾನ್, ಜಾವಾ, ಡೇಟಾಬೇಸ್ ಎಲ್ಲ ಓಡುತ್ತದೆ. ಲಿನಕ್ಸ್ ಹಾಕಿದರೆ ವಿಂಡೋಸಿನ ದುಡ್ಡೂ ಉಳಿಯುತ್ತದೆ. ತಗೊಳ್ಳುವಾಗ ಚಾರ್ಜರ್ ತೆಗೆದು ಅರ್ಧ ಗಂಟೆ ಬ್ಯಾಟರಿಯಲ್ಲೇ ಓಡಿಸಿ ನೋಡಿ. ಕೀಬೋರ್ಡಿನ ಎಲ್ಲ ಅಕ್ಷರ ಒತ್ತಿ ನೋಡಿ. ಸೆಮಿಕೋಲನ್ ಕೀ ಕೆಟ್ಟಿದ್ದರೆ ಸಿ ಬರೆಯಲು ಬಹಳ ಕಷ್ಟ. ಅಂಗಡಿಯವರ ವಾರಂಟಿಯನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಕೊಕ್ಕಡದ ಹುಡುಗ

ಮೊದಲ ಸೆಮಿಸ್ಟರ್ ಕಾಲೇಜು ಲ್ಯಾಬಿನಲ್ಲೇ ಸಾಕಾಗುತ್ತದೆ ಆಂಟಿ. ನಾನು ಎರಡನೇ ಸೆಮಿಸ್ಟರಿಗೆ ತಗೊಂಡದ್ದು. ಅಲ್ಲಿಯವರೆಗೆ ಮೊಬೈಲಿನಲ್ಲೇ ಪೈಥಾನ್ ಹಾಕಿಕೊಂಡು ಸಣ್ಣ ಪ್ರೋಗ್ರಾಂ ಮಾಡುತ್ತಿದ್ದೆ. ನನ್ನ ಎರರ್ ನೋಟ್‌ಬುಕ್ಕಿನ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ, ತಂಗಿಗೆ ತೋರಿಸಿ.